ಬೇಗಂಪೇಟೆಯಿಂದ ಗೂಗಲ್‌ಗೆ ವಿಮಾನ

ನಮ್ಮೂರ ಹೆಸರು ಗೂಗಲ್. ಈ ಮಾತು ಕೇಳಿದೊಡನೆ ಹೊರಗಿನವರ ಮುಖದ ಮೇಲೆ ಒಂದು ನಗೆ ಮೂಡುತ್ತದೆ. ರೈಲಿನಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸೊಬ್ಬಳು "ಯಾವೂರ್ರೀ ನಿಮ್ದು?" ಎಂದು ಕೇಳಿ, ನಾನು ಹೇಳಿದ ಉತ್ತರಕ್ಕೆ ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದು ಮುಖ ತಿರುಗಿಸಿ ಕುಳಿತದ್ದೂ ಉಂಟು. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ, ಅಲ್ಲಮಪ್ರಭುವಿನ ಗುಡಿಯಿರುವ ಊರು ನಮ್ಮದು. ಅಮೆರಿಕದ ಆ ಗೂಗಲ್ ಕಂಪನಿ ಹುಟ್ಟಿದ್ದು 1998ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಇನ್ನು ಊರಿನ ವಯಸ್ಸಂತೂ ಕೇಳುವುದೇ ಬೇಡ. ಹೆಸರಿನ ಬಾಡಿಗೆ ಯಾರು ಯಾರಿಗೆ ಕೊಡಬೇಕೆಂಬುದನ್ನು ವಕೀಲರೇ ತೀರ್ಮಾನಿಸಲಿ.

ಲೋಕದ ಗೂಗಲ್ಲಿನಲ್ಲಿ ಹುಡುಕಿದ್ದೆಲ್ಲ ಸಿಗುತ್ತದಂತೆ. ನಮ್ಮ ಗೂಗಲ್ಲಿನಲ್ಲಿ ಕಂಪ್ಯೂಟರ್ ರಿಪೇರಿಯವನು ಬೇಕೆಂದರೆ ದೇವದುರ್ಗದ ಬಸ್ಸು ಹತ್ತಬೇಕು. ಕಳೆದ ಬೇಸಿಗೆ ರಜೆಯಲ್ಲಿ ನಾನು ಹಾಗೆ ಐದು ಸಲ ಬಸ್ಸು ಹತ್ತಿದೆ. ಕಾರಣ ಕೇಳಿದರೆ ನೀವು ನಗಬಹುದು. ಐವತ್ತು ದಾಟಿದ, ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವ ಟೀಚರೊಬ್ಬಳು ಇಪ್ಪತ್ತು ವರ್ಷದ ಹಿಂದಿನ ವಿಮಾನದ ಆಟವೊಂದನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸಲು ಹೊರಟಿದ್ದಳು.

ಆಟ ನನ್ನದಲ್ಲ, ನಮ್ಮವರದು. ನಮ್ಮವರು ಅಂಚೆ ಇಲಾಖೆಯಲ್ಲಿದ್ದವರು. ರಾಯಚೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ ಕಾಲದಲ್ಲಿ, 2004ರಲ್ಲಿ, ಭವಿಷ್ಯನಿಧಿಯಿಂದ ಮುಂಗಡ ತೆಗೆದು ಮಗನಿಗೆಂದು ಒಂದು ಕಂಪ್ಯೂಟರ್ ತಂದರು. ಮಗನಿಗೆ ಆಗ ಒಂಬತ್ತು ವರ್ಷ. ಅವನ ಹೆಸರಿನಲ್ಲಿ ಬಂದ ಯಂತ್ರದ ಮುಂದೆ ರಾತ್ರಿ ಹನ್ನೊಂದರವರೆಗೆ ಕೂಡುತ್ತಿದ್ದವರು ಅಪ್ಪ. ಮೈಕ್ರೋಸಾಫ್ಟ್ ಕಂಪನಿಯ ಫ್ಲೈಟ್ ಸಿಮ್ಯುಲೇಟರ್ ಎಂಬ ಆಟ ಅದು. ಆಟವೆನ್ನುವುದಕ್ಕಿಂತ ವಿಮಾನ ನಡೆಸುವ ಅಭ್ಯಾಸವೆನ್ನಬಹುದು. ಅದರಲ್ಲಿ ಯಾರನ್ನೂ ಕೊಲ್ಲುವುದಿಲ್ಲ, ಅಂಕ ಗಳಿಸುವುದಿಲ್ಲ. ವಿಮಾನ ಏರಿಸಬೇಕು, ದಿಕ್ಕು ಹಿಡಿಯಬೇಕು, ಇಳಿಸಬೇಕು, ಅಷ್ಟೆ. ಬ್ರೂಸ್ ಆರ್ಟ್‌ವಿಕ್ ಎಂಬ ಎಂಜಿನಿಯರ್ ಬರೆದ ಈ ಆಟ 1982ರಲ್ಲೇ ಐಬಿಎಂ ಕಂಪ್ಯೂಟರುಗಳಿಗೆ ಬಂದಿತ್ತು. ನಮ್ಮ ಮನೆಗೆ ಬಂದದ್ದು 2003ರ ಆವೃತ್ತಿ. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿ ನೂರು ವರ್ಷವಾದ ನೆನಪಿಗೆ ತಂದದ್ದು. ಅವರ ಆ ಕಟ್ಟಿಗೆ ಮತ್ತು ಬಟ್ಟೆಯ ವಿಮಾನವೂ ಅದರಲ್ಲಿದೆ. ಅವರ ಮೊದಲ ಹಾರಾಟ ಬರೀ 12 ಸೆಕೆಂಡಿನದು, ದೂರ 120 ಅಡಿ. ನಮ್ಮವರು ಅಷ್ಟನ್ನೂ ಹಾರಿಸಲಾಗದೆ ಮರಳಿನಲ್ಲಿ ಮೂಗು ಊರಿಸಿ, "ಆ ಅಣ್ಣ ತಮ್ಮಂದಿರಿಗೆ ಅಡ್ಡಬೀಳಬೇಕು" ಎನ್ನುತ್ತಿದ್ದರು.

ಅಂಚೆಯವರಿಗೆ ವಿಮಾನದ ಹುಚ್ಚು ಬರುವುದಕ್ಕೆ ಕಾರಣವೂ ಇತ್ತು. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಹಾರಿದ್ದು ನಮ್ಮ ದೇಶದಲ್ಲೇ ಎಂದು ಅವರು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. 1911ರ ಫೆಬ್ರವರಿ 18ರಂದು, ಆಗಿನ ಅಲಹಾಬಾದಿನಿಂದ ಯಮುನೆಯ ಆಚೆಯ ನೈನಿಗೆ, ಆನ್ರಿ ಪೆಕೆ ಎಂಬ ಫ್ರೆಂಚ್ ಯುವಕ ಸುಮಾರು 6,500 ಪತ್ರಗಳನ್ನು ಹೊತ್ತು ಹಾರಿದ. ಈ ಕತೆ ಹೇಳುವಾಗ ಆ ಪತ್ರಗಳಿಗೆ ತಾವೇ ಮುದ್ರೆ ಒತ್ತಿದವರಂತೆ ಕೈ ಆಡಿಸುತ್ತಿದ್ದರು. ಮೂವತ್ತೈದು ವರ್ಷ ಏರ್‌ಮೇಲಿಗೆ ಮುದ್ರೆ ಒತ್ತಿದ ಈ ಮನುಷ್ಯ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಹೈದರಾಬಾದಿಗೆ ಹೋದಾಗ ಬೇಗಂಪೇಟೆಯ ಗೋಡೆಯ ಹೊರಗೆ ನಿಂತು, ಮನೆಗಳ ಮಾಳಿಗೆ ಸವರುವಂತೆ ಇಳಿಯುವ ವಿಮಾನಗಳನ್ನು ನೋಡಿ ಬಂದದ್ದೇ ಬಂದದ್ದು. ಹಾಗಾಗಿ ಆಟದಲ್ಲಿ ಅವರ ದಾರಿ ಒಂದೇ. ಬೇಗಂಪೇಟೆಯಲ್ಲಿ ಏರುವುದು, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುವುದು. ಅದೂ ಸೆಸ್ನಾ 172 ಎಂಬ ನಾಲ್ಕು ಸೀಟಿನ ಪುಟ್ಟ ವಿಮಾನದಲ್ಲಿ. "ದೊಡ್ಡ ವಿಮಾನದಾಗ ಕುಂತ್ರ ಕೆಳಗಿನ ಊರು ಕಾಣಂಗಿಲ್ಲ" ಎಂಬುದು ಅವರ ವಾದ.

ಎರಡು ವರ್ಷದ ಹಿಂದೆ, ನಿವೃತ್ತಿಯಾಗಿ ಊರಿನ ಮನೆಗೆ ಬಂದು ನೆಲೆಸಿದ ಮೇಲೆ, ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತೂ ಹೋಯಿತು. ಆಸ್ಪತ್ರೆ, ಔಷಧ, ವ್ಯಾಯಾಮ ಎಲ್ಲ ಆಗಿ, ಕೋಲು ಹಿಡಿದು ಅಂಗಳದವರೆಗೆ ನಡೆಯುವಂತಾದರು. ಮಾತು ಮಾತ್ರ "ಹೂಂ", "ಬ್ಯಾಡ" ಎಂಬ ಎರಡರಲ್ಲಿ ನಿಂತುಬಿಟ್ಟಿತು. ತಿಳಿವಳಿಕೆ ಹೋಗಿರಲಿಲ್ಲ. ಪತ್ರಿಕೆಯ ಮೇಲೆ ಕಣ್ಣಾಡಿಸುತ್ತಿದ್ದರು, ಲೆಕ್ಕದಲ್ಲಿ ತಪ್ಪಿದ್ದರೆ ಬೆರಳಿಟ್ಟು ತೋರಿಸುತ್ತಿದ್ದರು. ಆದರೆ ನೋಡಲು ಬಂದವರಿಗೆ ಅದು ಹೇಗೆ ತಿಳಿಯಬೇಕು? ಅವರ ಎದುರಿಗೇ ಕುಳಿತು ನನ್ನನ್ನು ಕೇಳುವರು: "ಊಟ ಮಾಡ್ತಾರೇನ್ರಿ? ಗುರುತು ಹಿಡೀತಾರೇನ್ರಿ?" ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದರು. ಇವರು ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಮನೆಯ ಯಜಮಾನ ತನ್ನ ಮನೆಯಲ್ಲೇ ಮೂರನೆಯವನಾಗುವುದು ಎಂಥದೆಂದು ಅಂಥವರನ್ನು ನೋಡಿಕೊಂಡ ಹೆಣ್ಣುಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಿಂದ ಬಂದ ಮಗ ತನ್ನ ಆಫೀಸಿನವರು ಮಾರಿದ ಒಂದು ಕಂಪ್ಯೂಟರನ್ನು ತಂದಿಟ್ಟ. ಎಂಟೊಂಬತ್ತು ವರ್ಷ ಬಳಸಿದ್ದಾದರೂ ನಮ್ಮ ಪಾಲಿಗೆ ಹೊಸದು. ಹಳೆಯದು ವೋಲ್ಟೇಜಿನ ಏರುಪೇರಿಗೆ ಸುಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಅಪ್ಪ ವಿಡಿಯೋ ನೋಡಿಕೊಂಡಿರಲಿ ಎಂಬುದು ಮಗನ ಯೋಚನೆ. ಅವನು ಹೋದ ಮರುದಿನ ಇವರು ಕೋಲೂರಿ ಅಲಮಾರಿಯ ಬಳಿ ಹೋಗಿ, ಎಡಗೈಯಿಂದ ಒಂದು ಪೆಟ್ಟಿಗೆ ಎಳೆದು, ನನ್ನ ತೊಡೆಯ ಮೇಲೆ ಹಾಕಿದರು. ಒಳಗೆ ಆ ಆಟದ ನಾಲ್ಕು ಸಿ.ಡಿ.ಗಳು. ಜೊತೆಗೆ ಹಳೆಯ ಜಾಯ್‌ಸ್ಟಿಕ್.

ಮಗನಿಗೆ ಫೋನು ಮಾಡಿದೆ. "ಅಮ್ಮಾ, 2020ರಾಗ ಹೊಸದು ಬಂದದ. ಉಪಗ್ರಹದ ಚಿತ್ರದಿಂದ ಇಡೀ ಭೂಮಿನೇ ಮಾಡ್ಯಾರ. ಆದ್ರ ಅದಕ್ಕ ದೊಡ್ಡ ಕಂಪ್ಯೂಟರ್ ಬೇಕು, ಜೋರು ಇಂಟರ್ನೆಟ್ ಬೇಕು" ಎಂದ. ಹೊಸದರ ಚಿತ್ರಗಳನ್ನು ನನ್ನ ಮೊಬೈಲಿನಲ್ಲಿ ಇವರಿಗೆ ತೋರಿಸಿದೆ. ನೋಡಿ "ಬ್ಯಾಡ" ಎಂದರು. ಮತ್ತೆ ಪೆಟ್ಟಿಗೆಯ ಮೇಲೆ ಬೆರಳಿಟ್ಟರು.

ಸಿ.ಡಿ. ಹಾಕಿದೆ. ಆಟವೆಲ್ಲ ಯಂತ್ರದೊಳಗೆ ಇಳಿಯಿತು. ಚಿತ್ರದ ಮೇಲೆ ಒತ್ತಿದರೆ ಮಾತ್ರ ಏನೂ ಇಲ್ಲ. ತಪ್ಪಾಗಿದೆ ಎಂದು ಹೇಳುವ ಸೌಜನ್ಯವೂ ಇಲ್ಲ. ಒಂದು ಕ್ಷಣ ಗಿರ್ರೆಂದು ಸುಮ್ಮನಾಗುತ್ತದೆ. ಹೀಗೆ ನಾನು ದೇವದುರ್ಗದ ಬಸ್ಸು ಹತ್ತಿದೆ. ಅಲ್ಲಿನ ರಿಪೇರಿ ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ನಕಾಶೆಯಲ್ಲಿ ನದಿ ಗುರುತಿಸಲು ಬಾರದೆ ಬೆಂಚಿನ ಮೇಲೆ ನಿಲ್ಲುತ್ತಿದ್ದವನು, ಈಗ ಹತ್ತಾರು ಯಂತ್ರಗಳ ಹೊಟ್ಟೆ ಬಿಚ್ಚಿಟ್ಟುಕೊಂಡು ಕುಳಿತಿದ್ದ. "ಟೀಚರ್ರ, ಇದು ಭಾಳ ಹಳೇದದ್ರಿ. ಬಿಟ್ಟುಬಿಡ್ರಿ, ಬ್ಯಾರೇದು ಹಾಕ್ಕೊಡ್ತೀನಿ" ಎಂದ. "ಬ್ಯಾರೇದು ಬೇಕಾಗಿದ್ರ ನಿನ್ನ ತನಕ ಯಾಕ ಬರ್ತಿದ್ನೋ ತಮ್ಮಾ" ಎಂದೆ. ಮುಂದಿನ ವಾರ ಬರಲು ಹೇಳಿದ.

ಮುಂದಿನ ವಾರ ಅವನು ಹೇಳಿದ ವಿವರ ನನಗೆ ಬಹಳ ಹಿಡಿಸಿತು. ಆ ಕಾಲದ ಆಟಗಳ ಸಿ.ಡಿ.ಗಳನ್ನು ಜನ ನಕಲು ಮಾಡಬಾರದೆಂದು ಸೇಫ್‌ಡಿಸ್ಕ್ ಎಂಬ ಬೀಗ ಹಾಕುತ್ತಿದ್ದರಂತೆ. ತಟ್ಟೆಯ ಮೇಲೆ ನಕಲಿಗೆ ಸಿಗದ ಒಂದು ಗುಪ್ತ ಗುರುತು. ಆ ಗುರುತನ್ನು ನೋಡಿ ಒಳಗೆ ಬಿಡಲು ವಿಂಡೋಸಿನ ಒಳಮನೆಯಲ್ಲಿ ಒಬ್ಬ ಕಾವಲುಗಾರ. ಆಟ ಶುರುವಾಗುವ ಮೊದಲು ಈ ಕಾವಲುಗಾರನನ್ನು ಕೂಗುತ್ತದೆ. ಅವನು ಹೂಂ ಎಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಆದರೆ ಒಳಮನೆಯಲ್ಲಿರುವ ಈ ಕಾವಲುಗಾರನ ಬೆನ್ನ ಹಿಂದಿನಿಂದ ಕಳ್ಳರು ನುಗ್ಗಬಹುದೆಂದು ಗೊತ್ತಾಗಿ, 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಅವನಿಗೆ ಜಾಗ ಕೊಡಲಿಲ್ಲ. ನಮ್ಮ ಹೊಸ ಯಂತ್ರದಲ್ಲಿದ್ದದ್ದು ಅದೇ. ಪಾಪ, ಆಟ ಬಂದು ಕಾವಲುಗಾರನ ಹೆಸರು ಹಿಡಿದು ಕೂಗುತ್ತದೆ. ಅವನಿಲ್ಲ. ಸುಮ್ಮನೆ ಹಿಂದಿರುಗುತ್ತದೆ. ಇದರಲ್ಲಿ ತಪ್ಪು ಯಾರದೂ ಅಲ್ಲ. ಕಳ್ಳರ ಕಾಲದಲ್ಲಿ ಬಾಗಿಲು ಭದ್ರ ಮಾಡಿಕೊಂಡವರನ್ನು ಬೈಯಲಾದೀತೆ? ಆಟವೂ ಕೆಟ್ಟಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಇಬ್ಬರ ನಡುವೆ ಮಾತು ಮುಟ್ಟಿಸುವವನೊಬ್ಬ ಇಲ್ಲವಾಗಿದ್ದ. ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂಡುವವರ ನೆನಪಾಯಿತು.

ಹುಡುಗ ಕಂಡುಕೊಂಡ ದಾರಿ ಹೆಂಗಸರಿಗೆ ಸುಲಭವಾಗಿ ತಿಳಿಯುವಂಥದು. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ! ಅತ್ತೆ ಸೊಸೆಗೆ ಹೊಂದಿಕೆಯಾಗದಿದ್ದರೆ ಮನೆ ಒಡೆಯಲೇಬೇಕೆಂದೇನೂ ಇಲ್ಲವಲ್ಲ. ಹಿತ್ತಲ ಕಡೆಯ ಕೋಣೆಯಲ್ಲಿ ಅತ್ತೆಗೆ ಬೇರೆ ಒಲೆ ಹಾಕಿಕೊಟ್ಟರೆ ಇಬ್ಬರೂ ಸುಖವಾಗಿರುತ್ತಾರೆ. ಹಾಗೆಯೇ ಹಾರ್ಡ್ ಡಿಸ್ಕಿನಲ್ಲಿ ಒಂದು ಭಾಗ ಬೇರೆ ಮಾಡಿ, ಮೂಲದಲ್ಲಿ ಆ ಯಂತ್ರದೊಡನೆಯೇ ಬಂದಿದ್ದ ವಿಂಡೋಸ್ 7ನ್ನು ಅದರಲ್ಲಿ ಕೂಡಿಸಿದ. ಅದರಲ್ಲಿ ಆ ಕಾವಲುಗಾರ ಇನ್ನೂ ಇದ್ದಾನೆ. ಆದರೆ ಅದಕ್ಕೂ 2015ರ ಸೆಪ್ಟೆಂಬರಿನಲ್ಲಿ ಒಂದು ಪರಿಷ್ಕರಣೆ ಬಂದು ಅವನನ್ನು ಮಲಗಿಸಿಬಿಡುತ್ತದಂತೆ. ಆದ್ದರಿಂದ ಆ ಪರಿಷ್ಕರಣೆ ಹಾಕಬಾರದು. ವಿಂಡೋಸ್ 7ಕ್ಕೆ ಕಂಪನಿಯ ರಕ್ಷಣೆ 2020ರ ಜನವರಿ 14ಕ್ಕೇ ಮುಗಿದಿದೆ, ಹೀಗಾಗಿ ಆ ಭಾಗದಿಂದ ಇಂಟರ್ನೆಟ್ಟಿಗೆ ಹೋಗಲೇಬಾರದು. "ಟೀಚರ್ರ, ಹಳೇ ಮನಿಗೆ ಹೊರಗಿನ ಬಾಗಲಾನೇ ಇಟ್ಟಿಲ್ರಿ" ಎಂದ. ಹೆಣ್ಣಜ್ಜಿಯರ ಮಡಿ ಹಾಗೆಯೇ ಇರುತ್ತಿತ್ತಲ್ಲವೇ? ಬ್ಯಾಂಕು, ಫೋಟೋ, ಮಗನ ವಿಡಿಯೋ ಕರೆ ಎಲ್ಲ ಹೊಸ ಒಲೆಯ ಮೇಲೆ. ಹಳೆಯ ಒಲೆಯ ಮೇಲೆ ಒಂದೇ ಅಡುಗೆ, ವಿಮಾನ. ಯಂತ್ರ ಹಚ್ಚಿದೊಡನೆ ಯಾವ ಕಡೆ ಹೋಗುವಿರೆಂದು ಅದೇ ಕೇಳುತ್ತದೆ.

ಇನ್ನೊಂದು ಗುಟ್ಟನ್ನೂ ಅವನು ಹೇಳಿಕೊಟ್ಟ. ಹೊಸ ಕಾಲದ ವಿಂಡೋಸುಗಳು ಪ್ರೋಗ್ರಾಂಗಳನ್ನಿಡುವ ಕೋಣೆಗೆ ಬೀಗ ಹಾಕಿರುತ್ತವೆ. ಹಳೆಯ ಆಟಗಳಿಗೋ ತಮ್ಮ ಲೆಕ್ಕವನ್ನು ತಾವಿರುವಲ್ಲೇ ಗೋಡೆಯ ಮೇಲೆ ಬರೆದಿಡುವ ಚಾಳಿ. ಬರೆಯಲು ಬಿಡದಿದ್ದರೆ ಮುನಿಸಿಕೊಂಡು ನಿಲ್ಲುತ್ತವೆ. ಅದಕ್ಕೆಂದು ಆಟಕ್ಕೆ ಬೇರೆಯೇ ಒಂದು ಫೋಲ್ಡರ್ ಮಾಡಿ ಅಲ್ಲಿ ಹಾಕಬೇಕು. ಇವನ್ನೆಲ್ಲ ನಾನು ಪಾಠದ ಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಂಡೆ.

ಇನ್ನುಳಿದದ್ದು ಜಾಯ್‌ಸ್ಟಿಕ್. ಹಳೆಯದಕ್ಕೆ ಹದಿನೈದು ಮೊಳೆಯ ಅಗಲವಾದ ಪಿನ್ನು. ಅಂಥ ತೂತು ಈಗಿನ ಯಂತ್ರಗಳಲ್ಲಿ ಇಲ್ಲ. ಯುಎಸ್‌ಬಿಯದು ಕೊಳ್ಳಬೇಕಾಯಿತು. ಅಲ್ಲೊಂದು ತೊಡಕು ಕಾದಿತ್ತು. ಬಹಳಷ್ಟು ಜಾಯ್‌ಸ್ಟಿಕ್‌ಗಳ ಹಿಡಿ ಬಲಗೈಯ ಮುಷ್ಟಿಗೆ ತಕ್ಕಂತೆ ತಿರುವಿ ಮಾಡಿದ್ದಿರುತ್ತದೆ. ನಮ್ಮವರಿಗೆ ಉಳಿದದ್ದು ಎಡಗೈ. ಎರಡೂ ಕೈಗೆ ಒಗ್ಗುವ ನೆಟ್ಟಗಿನ ಹಿಡಿಯದನ್ನು ಮಗ ಹುಡುಕಿ ಕಳಿಸಿದ. ಕತ್ತರಿಯಿಂದ ಹಿಡಿದು ಬರೆಯುವ ಕುರ್ಚಿಯವರೆಗೆ ಈ ಲೋಕ ಬಲಗೈಯವರಿಗಾಗಿಯೇ ಕಟ್ಟಿದ್ದೆಂದು ಮನೆಯಲ್ಲಿ ಒಬ್ಬರ ಬಲಗೈ ಸೋತ ಮೇಲೆ ಕಣ್ಣಿಗೆ ಬೀಳುತ್ತದೆ.

ಮೇ ತಿಂಗಳ ಒಂದು ಸಂಜೆ, ಕರೆಂಟು ಬಂದ ಮೇಲೆ, ಬೇಗಂಪೇಟೆಯ ರನ್‌ವೇ ಪರದೆಯ ಮೇಲೆ ಮೂಡಿತು. ನಿಜವಾದ ಬೇಗಂಪೇಟೆಗೆ ಸಾಮಾನ್ಯ ಪ್ರಯಾಣಿಕರ ವಿಮಾನಗಳು ಬರುವುದು 2008ರ ಮಾರ್ಚಿನಲ್ಲೇ ನಿಂತಿತು; ಎಲ್ಲ ಶಂಷಾಬಾದಿಗೆ ಹೋದವು. ಅದೇ ವರ್ಷ ಮೇ 24ರಂದು ಬೆಂಗಳೂರಿನದು ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು. 2003ರ ಈ ಆಟಕ್ಕೆ ಅದೊಂದೂ ಗೊತ್ತಿಲ್ಲ. ಅದರೊಳಗೆ ಬೇಗಂಪೇಟೆ ಇನ್ನೂ ಹೈದರಾಬಾದಿನ ನಿಲ್ದಾಣ. ಇವರು ಹೊಸದನ್ನು ಯಾಕೆ ಬೇಡವೆಂದರೆಂಬುದು ಆಗ ನನಗೆ ತಿಳಿಯಿತು. ಮಾತು, ಕೈ, ಕಾಲು, ಎಲ್ಲವನ್ನೂ ಅ ಆ ಇ ಈ ಎಂದು ಹೊಸದಾಗಿ ಕಲಿಯುತ್ತಿದ್ದ ಮನುಷ್ಯನಿಗೆ, ಕಲಿಯಬೇಕಾಗಿಲ್ಲದ ಒಂದು ಜಾಗ ಬೇಕಾಗಿತ್ತು.

ಒಂದೇ ಕೈಯಲ್ಲಿ ವಿಮಾನ ನಡೆಯುವುದಿಲ್ಲ. ಹಿಡಿ ಅವರದು, ಕೀಲಿಮಣೆ ನನ್ನದು. ರೆಕ್ಕೆಯ ಹಿಂದಿನ ಫ್ಲಾಪ್ ಎಂಬ ಹಲಗೆಗಳನ್ನು ಇಳಿಸಲು ಎಫ್7, ಮೇಲಕ್ಕೆತ್ತಲು ಎಫ್6, ಬ್ರೇಕಿಗೆ ಪೂರ್ಣವಿರಾಮದ ಚುಕ್ಕಿ. ವ್ಯಾಕರಣ ಕಲಿಸುವವರು ಕೇಳಿದರೆ ಸಂತೋಷಪಟ್ಟಾರು. ಮದುವೆಯಾಗಿ ಮೂವತ್ತು ವರ್ಷ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕುಳಿತವಳಿಗೆ ಪಕ್ಕದ ಸೀಟು ಸಿಕ್ಕಿತು. ಮೊದಲ ದಿನ ಏರಿ, ಸುತ್ತಿ, ಮತ್ತೆ ಬೇಗಂಪೇಟೆಗೇ ಇಳಿಸುವಾಗ, ರನ್‌ವೇ ಹತ್ತಿರ ಬರುತ್ತಿದ್ದಂತೆ ಪಕ್ಕದಿಂದ ಒಂದು ಗದರು ಕೇಳಿಸಿತು: "ಫ್ಲಾಪ್!" ನಾನು ಒತ್ತಿದೆ. ಇಳಿದ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಎರಡು ವರ್ಷದಲ್ಲಿ ಅವರ ಬಾಯಿಂದ ಬಂದ ಮೂರನೆಯ ಮಾತು ಅದು. ಹೆಂಡತಿಯ ಹೆಸರಲ್ಲ, ದೇವರ ಹೆಸರೂ ಅಲ್ಲ, ವಿಮಾನದ ಹಲಗೆಯ ಹೆಸರು! ಇರಲಿ ಬಿಡಿ. ಆಟದಿಂದ ಲಕ್ವ ವಾಸಿಯಾಗುತ್ತದೆಂದು ನಾನು ಹೇಳುತ್ತಿಲ್ಲ. ಬಲಗೈ ಅಂದಿದ್ದಂತೆಯೇ ಇಂದೂ ಇದೆ. ವ್ಯಾಯಾಮ ಮಾಡಿಸುವವರು ಬರುವುದನ್ನೂ ನಿಲ್ಲಿಸಿಲ್ಲ. ಆದ ಸಂಗತಿ ಇಷ್ಟೇ.

ಒಂದು ದಿನ ನನ್ನ ಅಟ್ಲಾಸು ತೆಗೆದು ಮೇಜಿನ ಮೇಲೆ ಹರಡಿದೆ. ಎಂಟನೆಯ ತರಗತಿಗೆ ವರ್ಷವೂ ಕಲಿಸುವ ಪಾಠವೇ. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿಲೋಮೀಟರ್. ನಮ್ಮೂರು ಹೆಚ್ಚುಕಡಿಮೆ ಹದಿನಾರೂವರೆ ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವ. ಬೇಗಂಪೇಟೆ ಹದಿನೇಳೂವರೆ ಡಿಗ್ರಿ ಉತ್ತರ, ಎಪ್ಪತ್ತೆಂಟೂವರೆ ಡಿಗ್ರಿ ಪೂರ್ವ. ಸ್ಕೇಲು, ಕೋನಮಾಪಕ ಇಟ್ಟು ನೋಡಿದರೆ ದಾರಿ ನೈರುತ್ಯಕ್ಕೆ, ದಿಕ್ಸೂಚಿಯಲ್ಲಿ ಸುಮಾರು 235. ದೂರ ಹೆಚ್ಚೆಂದರೆ 190 ಕಿಲೋಮೀಟರ್. ಸೆಸ್ನಾಗೆ ಐವತ್ತು ನಿಮಿಷದ ದಾರಿ. ದೇವದುರ್ಗಕ್ಕೆ ಬಸ್ಸು ಕಾಯುವುದೇ ಕೆಲವು ದಿನ ಅಷ್ಟು ಹೊತ್ತಾಗುತ್ತದೆ. ಶಿಫ್ಟ್ ಮತ್ತು ಝಡ್ ಒಟ್ಟಿಗೆ ಒತ್ತಿದರೆ ಆಟದಲ್ಲಿ ಅಕ್ಷಾಂಶ ರೇಖಾಂಶ ಪರದೆಯ ತುದಿಯಲ್ಲಿ ಕಾಣುತ್ತವೆ. ಅಂಕಿಗಳನ್ನು ನಾನು ಓದಿ ಹೇಳುತ್ತ ಹೋದೆ, ಅವರು ಹಿಡಿ ತಿರುಗಿಸುತ್ತ ಬಂದರು. ಕೆಳಗೆ ಕಂದು ಹಸಿರು ತೇಪೆಗಳು, ಹೊಲವೋ ಗುಡ್ಡವೋ ತಿಳಿಯದು. ಐವತ್ತನೆಯ ನಿಮಿಷಕ್ಕೆ ಮುಂದೆ ಒಂದು ನೀಲಿ ಪಟ್ಟಿ. ಅದು ಕೃಷ್ಣೆಯೇ ಇರಬೇಕು, ಅಂಕಿಗಳು ಹಾಗೆಯೇ ಹೇಳುತ್ತಿದ್ದವು. ಊರಿಲ್ಲ, ಪ್ರಭುಗಳ ಗುಡಿಯಿಲ್ಲ, ಬ್ಯಾರೇಜು ಮೊದಲೇ ಇಲ್ಲ. ನಾನು ‘ಪಿ’ ಒತ್ತಿ ವಿಮಾನವನ್ನು ಗಾಳಿಯಲ್ಲೇ ನಿಲ್ಲಿಸಿದೆ. ಇವರು ಬಹಳ ಹೊತ್ತು ನೋಡಿದರು. ಆಮೇಲೆ ಹಿಡಿ ಬಿಟ್ಟು, ನದಿಯ ಈಚೆ ದಂಡೆಯ ಖಾಲಿ ಜಾಗದ ಮೇಲೆ ಬೆರಳಿಟ್ಟು "ಮನಿ" ಎಂದರು.

ಈ ಸುದ್ದಿ ಊರಲ್ಲಿ ನಿಲ್ಲುವುದುಂಟೇ? ಶಾಲೆ ಶುರುವಾದ ಮೇಲೆ ಎಂಟನೆಯ ತರಗತಿಯ ಇಬ್ಬರು ಹುಡುಗಿಯರು ನೋಟ್ಸು ಕೇಳುವ ನೆವದಲ್ಲಿ ಬಂದರು. ಬಾಗಿಲಲ್ಲೇ ನಿಂತು ನೋಡಿದರು. ಒಬ್ಬಳು ಮೆಲ್ಲಗೆ ಕೇಳಿದಳು: "ಮೇಡಂರ, ಖರೇ ವಿಮಾನ ಹೆಣ್ಮಕ್ಳು ನಡಸ್ತಾರೇನ್ರಿ?" ಪಾಠದಲ್ಲಿ ಇಲ್ಲದ್ದನ್ನು ಹೇಳುವ ಅವಕಾಶ ಟೀಚರಿಗೆ ದಿನವೂ ಸಿಗುವುದಿಲ್ಲ. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವಿಮಾನ ಶಾಲೆಯಲ್ಲಿ ಕಲಿತು 1949ರಲ್ಲೇ ಹೊರಬಂದ ಉಷಾ ಸುಂದರಂ ಅವರ ಹೆಸರು ಹೇಳಿದೆ. 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ, ಉತ್ತರ ಧ್ರುವದ ದಾರಿಯಲ್ಲಿ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಹೆಣ್ಣುಮಕ್ಕಳೇ ವಿಮಾನ ನಡೆಸಿ ತಂದ ಸಂಗತಿ ಹೇಳಿದೆ. ಗ್ಲೋಬು ತಂದು ಧ್ರುವದ ಮೇಲಿನ ದಾರಿ ಯಾಕೆ ಹತ್ತಿರವೆಂದು ದಾರ ಹಿಡಿದು ತೋರಿಸಿದೆ.

ಇವರು ಎದ್ದು, ಪಕ್ಕದ ಕುರ್ಚಿಗೆ ಸರಿದು, ಹಿಡಿಯನ್ನು ಆ ಹುಡುಗಿಯ ಕಡೆ ತಳ್ಳಿದರು.

ಈಗ ಶನಿವಾರ ಮಧ್ಯಾಹ್ನ ನಾಲ್ಕೈದು ಹುಡುಗಿಯರು ಬರುತ್ತಾರೆ. ಇವರು ಎಡ ಅಂಗೈಯನ್ನು ವಿಮಾನದಂತೆ ಬಾಗಿಸಿ, ಏರಿಸಿ, ಇಳಿಸಿ ತೋರಿಸುತ್ತಾರೆ. ಮಾತು ಬೇಕಾದಲ್ಲಿ ಇರುವ ಐದಾರು ಮಾತನ್ನೇ ಜೋರಾಗಿ ಬಳಸುತ್ತಾರೆ. ಊಟ ಮಾಡುತ್ತಾರೋ, ಗುರುತು ಹಿಡಿಯುತ್ತಾರೋ ಎಂದು ಆ ಮಕ್ಕಳು ಕೇಳುವುದಿಲ್ಲ. ಮೊನ್ನೆ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಆ ಮೊದಲ ಹುಡುಗಿ ಮೋರೆ ಊದಿಸಿಕೊಂಡು ಬಂದಳು.

"ಮೇಡಂರ, ಸರ್ ಭಾಳ ಬೈತಾರ್ರಿ."

ಎರಡು ವರ್ಷದ ಮೇಲೆ ನಮ್ಮ ಮನೆಯಲ್ಲಿ ಒಬ್ಬರು ಅವರ ಮೇಲೆ ದೂರು ತಂದಿದ್ದರು. ನಾನು ಕೈಯ ಹಿಟ್ಟು ಒರೆಸಿಕೊಂಡು ಆ ಮಗುವಿಗೆ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟೆ.